ಸಿದ್ದರಾಜು ಮನೆಗೆ ಬಂದ

"ಆ ಎಸ್ರ ಈ ಮನೇಲಿ ಬರೀಬ್ಯಾಡ ಕಣವ್ವ," ಎಂದಳು ಪಕ್ಕದ ಮನೆಯ ಸೋಮಮ್ಮ. "ಬರುದ್ರೂ ಕರ್ದಂಗೇಯ. ಬತ್ತಾನೆ."

ಪ್ರಿಯಾಂಕ ನಕ್ಕುಬಿಟ್ಟಳು. ಗಂಡ ಸತ್ತ ಎಂಟು ತಿಂಗಳಲ್ಲಿ ಅದೇ ಮೊದಲ ನಗು. ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಅವಳು ಪೂರಿಗಾಲಿಯ ಈ ಬಾಡಿಗೆ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ. ಸಂಜೆ ಹೊತ್ತು ಒಂದು ಕತೆ ಬರೆಯುತ್ತಿದ್ದಳು. ಒಂದು ಪುಟ ಸೋಮಮ್ಮನಿಗೂ ಓದಿ ಹೇಳಿದ್ದಳು. ಕಥಾನಾಯಕ ಸಿದ್ದರಾಜು. ಅದು ತನ್ನ ಗಂಡನ ಹೆಸರೆಂದು ಮಾತ್ರ ಹೇಳಿರಲಿಲ್ಲ. ಮದ್ದೂರಿನ ರಸ್ತೆಯಲ್ಲಿ ಸತ್ತವನು ಕಾಗದದ ಮೇಲಾದರೂ ದಿನಾ ಮನೆಗೆ ಬರಲಿ ಎಂಬುದಷ್ಟೇ ಅವಳ ಆಸೆ.

ಸೋಮಮ್ಮ ಹೇಳಿದ್ದು ಬೇರೊಬ್ಬ ಸಿದ್ದರಾಜುವಿನ ಮಾತು. ಈ ಮನೆಯ ಹಿತ್ತಲಲ್ಲಿ ಆಲೆಮನೆ ಇದ್ದ ಕಾಲಕ್ಕೆ ಬೆಲ್ಲ ಕಾಯಿಸಲು ಬಂದಿದ್ದ ಪರ ಊರಿನ ಆಳು. ಆಗದವರು ಯಾರೋ ತಾಮ್ರದ ತಗಡಿನಲ್ಲಿ ಅವನ ಹೆಸರು ಬರೆಸಿ ಒಲೆಯ ಬಾಯಲ್ಲಿ ಹೂತಿಟ್ಟರು. ಮೂರನೆಯ ದಿನ ಅವನು ಕುದಿಯುವ ಕೊಪ್ಪರಿಗೆಗೆ ಬಿದ್ದ. ಹೆಸರು ಹಿಡಿದು ಅಳುವವರು ಒಬ್ಬರೂ ಇರಲಿಲ್ಲ. ತಗಡನ್ನು ಯಾರೂ ಅಗೆದು ತೆಗೆಯಲಿಲ್ಲ.

"ಬಂದ್ರೆ ಕಾಫಿ ಕೊಡ್ತೀನಿ ಬಿಡಿ, ಸೋಮಮ್ಮ," ಎಂದು ಬಾಗಿಲು ಹಾಕಿಕೊಂಡಳು.

ಅಂದು ಮುಸ್ಸಂಜೆ ಕರೆಂಟು ಹೋಯಿತು. ಮೊಬೈಲಿನ ಬೆಳಕಿನಲ್ಲಿ ಬರೆದಳು: ಸಿದ್ದರಾಜು ಮನೆಗೆ ಬಂದ.

ಸೀದ ಬೆಲ್ಲದ ವಾಸನೆ. ಅವಳು ಒಲೆಯನ್ನೇ ಹಚ್ಚಿರಲಿಲ್ಲ. ವಾಸನೆ ದಟ್ಟವಾಗುತ್ತ ಬಂದು ಗಂಟಲಿಗೆ ಅಂಟಿತು. ಹಿತ್ತಲ ಬಾಗಿಲಾಚೆ ಹೆಜ್ಜೆ ಸದ್ದು. ಒಂದೊಂದು ಹೆಜ್ಜೆಯೂ ನೆಲಕ್ಕೆ ಕಚ್ಚಿಕೊಂಡು, ಜಗ್ಗಿ, ಬಿಡುತ್ತಿತ್ತು.

"ಕರ್ದ್ಯಾ?"

ಆ ದನಿಯಲ್ಲಿ ಬೆದರಿಕೆ ಇರಲಿಲ್ಲ. ಇಷ್ಟು ವರ್ಷಕ್ಕೆ ಒಬ್ಬರಾದರೂ ಕರೆದರಲ್ಲ ಎಂಬ ಆಸೆಯಿತ್ತು. ಆ ಆಸೆ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು.

ಚಿಲಕ ತಾನಾಗಿ ಸರಿಯಿತು. ಕತ್ತಲೆ ಒಳಗೆ ಬಂತು. ಸುಡುವ ಕತ್ತಲೆ. ಪೆನ್ನಿಗೆ ತಡಕಾಡಿದಳು. ಹೆಸರಿನ ಮೇಲೆ ಕಾಣದಂತೆ ಗೀಚಿದಳು. ವಾಸನೆ ಒಂದು ಹೆಜ್ಜೆ ಹಿಂದೆ ಸರಿಯಿತು. ಮೇಲಿನ ಸಾಲು. ಹಿಂದಿನ ಪುಟ. ಎಲ್ಲೆಲ್ಲೂ ಅದೇ ಹೆಸರು. ಗೀಚಿದಳು. ಗೀಚಿದಳು. ಕಾಗದ ಹರಿಯಿತು. ಕೊನೆಯದೊಂದು ಉಳಿಯಿತು. ಬಾಗಿಲ ಬಳಿ ಯಾರೋ ಅಳುತ್ತಿದ್ದರು.

ಅದನ್ನೂ ಗೀಚಿದಳು.

ಕರೆಂಟು ಬಂತು. ಹೊಸ್ತಿಲ ಮೇಲೆ ಕಪ್ಪು ಪಾಕದ ಹೆಜ್ಜೆಗುರುತು, ಹೊರಮುಖವಾಗಿ.

ಬೆಳಿಗ್ಗೆ ಸೋಮಮ್ಮ ಬಂದು ಹೊಸ್ತಿಲು ತೊಳೆದಳು. ಆಮೇಲೆ ಪ್ರಿಯಾಂಕಳ ಪಕ್ಕದಲ್ಲಿ ಕೂತಳು. "ನಿನ್ ಗಂಡನ್ ಎಸ್ರೇಳಿ ಒಂದ್ ದೀಪ ಅಚ್ಚವ್ವ, ಒಳ್ಳೇದಾಯ್ತದೆ. ಏನಂತ ಅವ್ನ ಎಸ್ರು?"

ಪ್ರಿಯಾಂಕ ಬಾಯಿ ತೆರೆದಳು. ನಾಲಗೆಯ ಮೇಲೆ ಸೀದ ಬೆಲ್ಲದ ಕಹಿ ಇತ್ತು. ಹೆಸರು ಇರಲಿಲ್ಲ.

ಸೋಮಮ್ಮ ಕಾಯುತ್ತ ಕೂತಳು.