ಯಾರ ಕೈತಪ್ಪು?

"ಬಿಲ್ ಇದ್ಯಾ?"

"ಕೈ ಇದೆ. ನೋಡ್ತೀರಾ?"

ರಿಪೇರಿ ಅಂಗಡಿಯಲ್ಲಿ ಸರದಿಗೆ ಕೂತಿದ್ದವರೆಲ್ಲ ಒಮ್ಮೆಗೇ ತಲೆ ಎತ್ತಿದರು. ಅವಳು ಟವೆಲಿನಲ್ಲಿ ಸುತ್ತಿ ತಂದಿದ್ದ ಸ್ಟೀಮ್ ಇಸ್ತ್ರಿಪೆಟ್ಟಿಗೆಯನ್ನು ಎಡಗೈಯಿಂದಲೇ ಕೌಂಟರಿನ ಮೇಲೆ ಕುಕ್ಕಿದಳು. ಬ್ಯಾಂಡೇಜು ಸುತ್ತಿದ್ದ ಬಲಗೈಯನ್ನೂ ಅದರ ಪಕ್ಕದಲ್ಲೇ ಇಟ್ಟಳು, ಅದೂ ರಿಪೇರಿಗೆ ಬಂದ ಸಾಮಾನು ಎಂಬಂತೆ.

ಮೆಕ್ಯಾನಿಕ್ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮೊದಲು ಕೈ ನೋಡಿದ.

"ತುಂಬಾ... ನೋವಾ?"

ಇಪ್ಪತ್ತು ದಿನಗಳಿಂದ ಅವಳು ಕಂಪನಿಗೆ ಫೋನ್ ಮಾಡುತ್ತಲೇ ಇದ್ದಳು. ರೆಕಾರ್ಡ್ ಮಾಡಿದ ಒಂದು ಹೆಣ್ಣುದನಿ 'ನಿಮ್ಮ ದೂರು ನಮಗೆ ಬಹಳ ಮುಖ್ಯ' ಎನ್ನುತ್ತಿತ್ತು, ಆಮೇಲೆ ಸಂಗೀತ ಹಾಕುತ್ತಿತ್ತು. ನೋವಾ ಎಂದು ಆ ಕಡೆಯ ಯಾರೂ ಕೇಳಿರಲಿಲ್ಲ. ಈಗ ಒಬ್ಬ ಕೇಳಿದ್ದ. ಅವಳಿಗೆ ಇನ್ನಷ್ಟು ಸಿಟ್ಟು ಬಂತು! ಅಳು ಬರುವ ಮುನ್ನ ಅವಳಿಗೆ ಬರುವುದು ಯಾವಾಗಲೂ ಸಿಟ್ಟೇ.

"ನೋವಿನ ಮಾತು ಬಿಡಿ. ಇದರೊಳಗೆ ಏನಾಗಿದೆ ಅಂತ ಬರೆದುಕೊಡಿ. ನಾನು ಕೇಸ್ ಹಾಕ್ತಿದೀನಿ."

ಅವನು ತಲೆಯಾಡಿಸಿದ. "ಬಿಚ್ಚಿ ನೋಡಿ... ಬರೀತೀನಿ."

ಅಷ್ಟೇ. ಅವನು ಮಾತಾಡುವುದೇ ಹಾಗೆ. ಅಂಗಡಿಯವರು ಅವನಿಗೆ 'ಅರ್ಧಮಾತು' ಎಂದೇ ಹೆಸರಿಟ್ಟಿದ್ದರು.

ಅವಳು ಟೈಲರ್. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಹೊಲಿಗೆ. ಅವಳು ಕೂರಿಸಿದ ಕೋಟಿನ ಕಾಲರ್ ಎಷ್ಟು ಒಗೆದರೂ ಸೊಟ್ಟಗಾಗುವುದಿಲ್ಲ ಎಂದು ಬೇರೆ ಬಡಾವಣೆಯಿಂದಲೂ ಜನ ಬರುತ್ತಿದ್ದರು. ಆ ದಿನವೂ ಕಾಲರನ್ನೇ ಇಸ್ತ್ರಿ ಮಾಡುತ್ತಿದ್ದಳು. ಪೆಟ್ಟಿಗೆ ಕೊಂಡು ತಿಂಗಳೂ ಆಗಿರಲಿಲ್ಲ. ಕೆಳಗಿನಿಂದ ಬರಬೇಕಾದ ಹಬೆ ಇದ್ದಕ್ಕಿದ್ದಂತೆ ಹಿಡಿಕೆಯಿಂದ ನುಗ್ಗಿತು...

ಗಾಯ ಮಾಗುತ್ತಾ ಅಂಗೈ ಚರ್ಮ ಎಳೆದುಕೊಂಡು ಹೆಬ್ಬೆರಳು ಒಳಕ್ಕೆ ಬಾಗಿತು. ಆಪರೇಷನ್ ಆಗದೆ ಅದು ಬಿಡಿಸಿಕೊಳ್ಳುವುದಿಲ್ಲ ಎಂದರು ಡಾಕ್ಟರ್. ಹೆಬ್ಬೆರಳು ಬಿಡಿಸಲಾಗದ ಟೈಲರ್ ಕತ್ತರಿ ಹಿಡಿಯುವುದು ಹೇಗೆ?

ಕೊನೆಗೂ ಕಂಪನಿ ಒಂದು ಕಾಗದ ಕಳಿಸಿತು. 'ನನ್ನ ಅಜಾಗರೂಕತೆಯಿಂದ ಗಾಯವಾಗಿದೆ' ಎಂದು ಸಹಿ ಹಾಕಿದರೆ ಅದೇ ಮಾದರಿಯ ಹೊಸ ಇಸ್ತ್ರಿಪೆಟ್ಟಿಗೆ ಉಚಿತ!

"ಒಂದು ಕೈಗೆ ಒಂದು ಪೆಟ್ಟಿಗೆನಾ?" ಎಂದರು ಅತ್ತಿಗೆ. "ಹಾಗಾದ್ರೆ ಇನ್ನೊಂದು ಕೈನೂ ಕೊಟ್ಟು ಎರಡು ತಗೊಂಡು ಬಾ. ಜೋಡಿ ಆಗುತ್ತೆ!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಕೋಣೆ ಮೊದಲಿಗಿಂತ ಖಾಲಿಯಾಗಿತ್ತು. ಹಳೆಯ ಗಿರಾಕಿಯೊಬ್ಬರು ಅದೇ ಬೆಳಿಗ್ಗೆ ಬಂದು, ಕೊಟ್ಟ ಬಟ್ಟೆಯನ್ನು ಹಿಂದಕ್ಕೆ ಒಯ್ದಿದ್ದರು. "ಪಾಪ, ಕೈ ಹಿಡಿತದಲ್ಲಿ ಇಲ್ವಂತಲ್ಲ..." ಎಂದಿದ್ದರು.

ಅವಳಿಗೆ ಆಪರೇಷನ್ನಿಗೆ ಪರಿಹಾರ ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ತಪ್ಪು ತನ್ನ ಕೈಯದಲ್ಲ ಎಂಬ ಒಂದು ಸಾಲು ಬೇಕಿತ್ತು. ಎಲ್ಲರೂ ಓದುವ ಹಾಗೆ, ಮೊಹರಿನ ಸಮೇತ.

ಆ ಒಂದು ಸಾಲಿಗಾಗಿ ರಿಪೇರಿ ಅಂಗಡಿಗೆ ಎಷ್ಟು ಸಲ ಅಲೆದಳೋ! ಒಂದು ಸಲ ಫಾರಂ ಇಲ್ಲ. ಇನ್ನೊಂದು ಸಲ ಮೊಹರು ಮಾಲೀಕರ ಬೀರುವಿನಲ್ಲಿದೆ, ಮಾಲೀಕರು ಊರಲ್ಲಿಲ್ಲ. ಮೂರನೇ ಸಲ ಅವಳು ಬೆಂಚಿನ ಮೇಲೆ ಕುಸಿದು ಕೂತಾಗ, ಚೀಲದೊಳಗಿಂದ ಕತ್ತರಿ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದಳು. ಬೆರಳು ಬಿಡಿಸಿಕೊಳ್ಳಲಿಲ್ಲ. ಮತ್ತೆ ಬಿತ್ತು.

ಅವನು ಬಂದು ಕತ್ತರಿ ಎತ್ತಿಕೊಂಡ. ಅದರೊಂದಿಗೆ ಒಳಗೆ ಹೋದ. ಅರ್ಧ ಗಂಟೆಯ ಮೇಲೆ ತಂದು ಕೊಟ್ಟ. ಎರಡು ಹಿಡಿಗಳ ನಡುವೆ ಪುಟ್ಟ ಸ್ಪ್ರಿಂಗ್ ಕೂತಿತ್ತು.

"ಒತ್ತಿದ್ರೆ ಸಾಕು. ತೆರೆಯೋದು... ಅದೇ."

ಅಂದು ಮನೆಯಲ್ಲಿ ಅವಳು ದಿನಪತ್ರಿಕೆಯನ್ನು ಈ ತುದಿಯಿಂದ ಆ ತುದಿಗೆ ಕತ್ತರಿಸಿದಳು. ಸೊಟ್ಟಗೇ ಬಂತು, ಆದರೆ ಕತ್ತರಿಸಿದ್ದು ಅವಳ ಬಲಗೈ!

"ಅಯ್ಯೋ, ಅದನ್ನ ನಿಮ್ಮಣ್ಣ ಇನ್ನೂ ಓದಿಲ್ಲ ಕಣೇ!" ಅತ್ತಿಗೆ ಹತ್ತಿರ ಬಂದರು. "ಯಾರು ಮಾಡಿಕೊಟ್ಟಿದ್ದು?"

"ಆ ಮೆಕ್ಯಾನಿಕ್."

"ಅದಕ್ಕೆ ಮುಖ ಯಾಕೆ ಕೆಂಪಾಗಬೇಕು? ಅಲ್ಲಿಗೂ ಹಬೆ ಹೊಡೀತಾ?"

'ಹಾಗೇನಿಲ್ಲ' ಎಂದುಕೊಂಡಳು. ಹಾಗೇನಿಲ್ಲ ಎಂದು ಆ ವಾರವೆಲ್ಲ ಅಂದುಕೊಳ್ಳುತ್ತಲೇ ಇದ್ದಳು...

ಮರುವಾರ ಅವಳ ಕೇಸು ಹಿಡಿದಿದ್ದ ವಕೀಲಮ್ಮ ಅವಳನ್ನು ಕರೆದು ಕಂಪನಿಯ ಉತ್ತರವನ್ನು ಮುಂದಿಟ್ಟರು. ಜೊತೆಗೆ, ಅಂಗಡಿಯಿಂದ ನೇರ ಕಂಪನಿಗೂ ವಕೀಲಮ್ಮನಿಗೂ ಹೋಗಿದ್ದ ರಿಪೇರಿ ವರದಿ. 'ದೋಷದ ಕಾರಣ' ಎಂಬ ಖಾನೆಯಲ್ಲಿ ದುಂಡಗಿನ ಅಕ್ಷರದಲ್ಲಿ ಒಂದೇ ಒಂದು ಪದವಿತ್ತು.

ಕೈತಪ್ಪು.

"ನಿಮ್ಮ ಕೈತಪ್ಪಿನಿಂದ ಆಗಿದ್ದಕ್ಕೆ ತಾವು ಹೊಣೆಯಲ್ಲ ಅಂತಿದ್ದಾರೆ ಕಂಪನಿಯವರು," ವಕೀಲಮ್ಮ ಕನ್ನಡಕ ತೆಗೆದರು. "ಇದನ್ನ ಬರೆದವನು ನಿಮಗೆ ಪರಿಚಯ ಅಂದಿದ್ರಲ್ಲ?"

ಅವಳು ಅಲ್ಲಿಂದ ನೇರ ಅಂಗಡಿಗೆ ನಡೆದಳು.

"ಕೈತಪ್ಪು ಅಂತ ಬರೆದಿದ್ದು ನೀವೇನಾ?"

"ಹೌದು." ಅವನು ಎದ್ದು ನಿಂತ. ಅವನ ಮುಖದಲ್ಲಿ ಸಣ್ಣ ನಗು ಕೂಡ ಇತ್ತು! "ಇರೋದನ್ನೇ... ಬರೆದೆ."

"ಇರೋದನ್ನೇ?"

"ಬಿಚ್ಚಿದ ತಕ್ಷಣ ಗೊತ್ತಾಯ್ತು."

'ಕತ್ತರಿಗೆ ಸ್ಪ್ರಿಂಗ್ ಹಾಕಿದ ಕೈಯಲ್ಲೇ ಇದನ್ನೂ ಬರೆದನಾ... ಪಾಪಪ್ರಜ್ಞೆಗೆ ಹಾಕಿಕೊಟ್ಟಿದ್ದಾ ಅದು?'

"ತುಂಬಾ ಉಪಕಾರ ಆಯ್ತು," ಎಂದಳು. "ಇನ್ನು ನನ್ನ ಕಣ್ಣಿಗೆ ಬೀಳ್ಬೇಡಿ."

ಅವನು ಬಾಗಿಲವರೆಗೆ ಬಂದ. ಏನಾಯಿತೆಂದು ಕೇಳಬೇಕಿತ್ತು. ಕೇಳಲಿಲ್ಲ. ಒಂದು ಪದದಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದೇನೆ ಎಂದು ಅವನು ನಂಬಿದ್ದ. ಹೇಳದೆ ಬಿಟ್ಟ ಜಾಗದಲ್ಲಿ ಬೇರೆಯವರು ತಮಗೆ ಬೇಕಾದದ್ದನ್ನು ತುಂಬಿಕೊಳ್ಳುತ್ತಾರೆ ಎಂಬುದು ಆ ಮೌನಿಗೆ ತಿಳಿದಿರಲಿಲ್ಲ.

ಆಮೇಲೆ ಬರೀ ತಾರೀಖುಗಳು. ಒಮ್ಮೆ ನ್ಯಾಯಾಧೀಶರಿಗೆ ರಜೆ. ಒಮ್ಮೆ ಕಂಪನಿಯ ವಕೀಲರಿಗೆ ಜ್ವರ. ಒಮ್ಮೆ ಫೈಲು ಬೇರೆ ಕೋಣೆಗೆ ಹೋಗಿತ್ತು, ಆ ಕೋಣೆಯ ಬೀಗದ ಕೈ ಇರುವವರು ಊಟಕ್ಕೆ ಹೋಗಿದ್ದರು. ಅವಳು ಗ್ರಾಹಕ ನ್ಯಾಯಾಲಯದ ಬೆಂಚಿನ ಮೇಲೆ ಕೂತು, ಗೋಡೆಯ ಬಿರುಕುಗಳನ್ನು ಹೊಲಿಗೆಯ ಹಾಗೆ ಎಣಿಸುತ್ತಿದ್ದಳು. ಹೆಬ್ಬೆರಳು ದಿನದಿನಕ್ಕೆ ಇನ್ನಷ್ಟು ಬಾಗುತ್ತಿತ್ತು.

ಏಳನೇ ತಿಂಗಳು ಅವನನ್ನು ಸಾಕ್ಷಿಗೆ ಕರೆದರು.

ಅವಳು ಅವನತ್ತ ನೋಡಲಿಲ್ಲ. ಆದರೂ ಅವನು ಬಡವಾಗಿದ್ದಾನೆ ಎಂಬುದು ಹೇಗೋ ತಿಳಿಯಿತು.

ಕಂಪನಿಯ ವಕೀಲರು ವರದಿ ತೋರಿಸಿದರು. "ಇದು ನಿಮ್ಮ ಅಕ್ಷರಾನಾ?"

"ಹೌದು."

"ಕೈತಪ್ಪು. ಈ ಮಾತಿಗೆ ಈಗಲೂ ಬದ್ಧರಾಗಿದ್ದೀರಾ?"

"ಹೌದು."

ವಕೀಲರು ಕೋಟು ಸರಿಮಾಡಿಕೊಂಡು ಕೂತರು. ಅವಳು ಕಣ್ಣು ಮುಚ್ಚಿದಳು. 'ಮುಗೀತು...'

ವಕೀಲಮ್ಮ ಎದ್ದರು. ಏಳು ತಿಂಗಳ ಬೇಸರವೆಲ್ಲ ಅವರ ದನಿಯಲ್ಲಿತ್ತು.

"ಯಾರ ಕೈಯಪ್ಪಾ?"

"ಅಂದ್ರೆ?"

"ಕೈತಪ್ಪು ಅಂದ್ಯಲ್ಲ. ಯಾರ ಕೈ?"

ಅವನು ಗೊಂದಲದಿಂದ ಸುತ್ತ ನೋಡಿದ, ಇಷ್ಟು ಸುಲಭದ ಪ್ರಶ್ನೆ ಕೇಳುತ್ತಾರಾ ಎಂಬಂತೆ.

"ಕಂಪನಿಯವರದು. ಪೆಟ್ಟಿಗೆ ಜೋಡಿಸಿದವರ ಕೈ."

ಕಂಪನಿಯ ವಕೀಲರು ಥಟ್ಟನೆ ಎದ್ದು ನಿಂತರು.

"ಸರಿಯಾಗಿ ಹೇಳಿ," ಎಂದರು ನ್ಯಾಯಾಧೀಶರು.

"ನಮ್ಮ ಕೆಲಸದಲ್ಲಿ ತಪ್ಪು ಎರಡೇ, ಸ್ವಾಮಿ. ಒಳಗಿನ ಸಾಮಾನೇ ಕೆಟ್ಟದ್ದಾದ್ರೆ ಮಾಲುತಪ್ಪು. ಸಾಮಾನು ಸರಿಯಿದ್ದು ಜೋಡಿಸಿದವರು ತಪ್ಪಿದ್ರೆ ಕೈತಪ್ಪು. ರಿಪೇರಿಯವರೆಲ್ಲ ಹಾಗೇ ಬರೆಯೋದು. ಇದರಲ್ಲಿ ಹಬೆ ಹಿಡಿಕೆಗೆ ಬರದ ಹಾಗೆ ತಡೆಯೋ ವಾಷರನ್ನ ಉಲ್ಟಾ ಕೂರಿಸಿ ಮೇಲೆ ರಿವೆಟ್ ಹೊಡೆದುಬಿಟ್ಟಿದ್ದಾರೆ. ಮನೆಯಲ್ಲಿ ಅದನ್ನ ತೆಗೆಯೋಕೆ ಆಗಲ್ಲ. ನಾನೇ ಡ್ರಿಲ್ಲಿನಿಂದ ಕೊರೆದು ತೆಗೆದೆ. ಪೆಟ್ಟಿಗೆ ಇಲ್ಲೇ ಇದೆಯಲ್ಲ, ನೋಡಿ..."

ಅವನು ತಟ್ಟನೆ ಮಾತು ನಿಲ್ಲಿಸಿದ. ಅವಳತ್ತ ತಿರುಗಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಇವರ ಕೈ ಅಂತ... ಅಂದ್ಕೊಂಡ್ರಾ? ಇವರದೇನೂ ತಪ್ಪಿಲ್ಲ! ಒಂದು ಚೂರೂ ಇಲ್ಲ!"

ಅವಳಿಗೆ ಆಮೇಲಿನದು ಏನೂ ಕೇಳಿಸಲಿಲ್ಲ. ಮಡಿಲಿನಲ್ಲಿದ್ದ ಬಲಗೈಯ ಮೇಲೆ ಹನಿಗಳು ಬೀಳುತ್ತಿದ್ದವು, ಬಿಸಿಬಿಸಿಯಾಗಿ.

ಹೊರಗೆ ಮೆಟ್ಟಿಲ ಬಳಿ ಅವನ ಮಾಲೀಕ ನಿಂತಿದ್ದ. "ಕಂಪನಿಯವರು ಕೊಡ್ತಿದ್ದ ಕೆಲಸಕ್ಕೇ ಕಲ್ಲು ಹಾಕ್ದೆ. ನಾಳೆಯಿಂದ ಅಂಗಡಿ ಕಡೆ ಬರ್ಬೇಡ," ಎಂದವನೇ ಸರಸರ ಇಳಿದುಹೋದ.

"ನನ್ನ ದೆಸೆಯಿಂದ ನಿಮ್ಮ ಕೆಲಸ..." ಎಂದಳು ಅವಳು.

"ಬಿಡಿ. ಕೈ ನೆಟ್ಟಗಿದ್ರೆ ಕೆಲಸಕ್ಕೇನು..." ಹೇಳಿದ ಮೇಲೆ ಅವನಿಗೇ ತಿಳಿಯಿತು. "ಅಯ್ಯೋ! ಕ್ಷಮಿಸಿ. ನಾನು ಹಾಗಲ್ಲ..."

"ಬಾಯಿ ಬಿಟ್ರೂ ಕಷ್ಟ, ಬಿಡದಿದ್ರೂ ಕಷ್ಟ ನಿಮ್ಮಿಂದ!" ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ಇನ್ನೆರಡು ಪದ ಬರೆದಿದ್ರೆ ಪೆನ್ನು ಸವೆದುಹೋಗ್ತಿತ್ತಾ?"

"ಖಾನೆ... ಚಿಕ್ಕದಿತ್ತು."

"ಖಾನೆ ಚಿಕ್ಕದಿತ್ತಾ! ಏಳು ತಿಂಗಳು ರೀ! ದಿನಾ ನಿಮ್ಮನ್ನ ಬೈಕೊಂಡೇ ಎದ್ದಿದೀನಿ, ಬೈಕೊಂಡೇ ಮಲಗಿದೀನಿ!"

ಅವನು ಒಂದು ಮೆಟ್ಟಿಲು ಕೆಳಗಿಳಿದು ನಿಂತ. ಆಮೇಲೆ ಮೆಲ್ಲಗೆ ಹೇಳಿದ, "ಬೈಯೋಕಾದ್ರೂ ನೆನೆಸ್ಕೊಂಡ್ರಲ್ಲ. ನಾನು... ಬೈಯೋಕಲ್ಲ, ಸುಮ್ನೆ ನೆನೆಸ್ಕೊಳ್ತಿದ್ದೆ."

ಅವಳು ಬೇರೆ ಕಡೆ ನೋಡಿದಳು. ಏಳು ತಿಂಗಳ ಸಿಟ್ಟನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಆದೇಶ ಬಂತು. 'ಬಳಕೆದಾರಳ ತಪ್ಪೇನೂ ಇಲ್ಲ. ಚಿಕಿತ್ಸೆಯ ವೆಚ್ಚ, ನಿಂತ ದುಡಿಮೆಯ ಪರಿಹಾರ ಎರಡೂ ಕಂಪನಿಯ ಹೊಣೆ.' ಅತ್ತಿಗೆ ಆ ಸಾಲನ್ನು ನಕಲು ಮಾಡಿಸಿ ಹೊಲಿಗೆಯ ಕೋಣೆಯ ಬಾಗಿಲಿಗೇ ಅಂಟಿಸಿದರು. ಕಂಪನಿ ಮತ್ತೆರಡು ತಿಂಗಳು ಸತಾಯಿಸಿ, ವಕೀಲಮ್ಮನಿಂದ ಎರಡು ನೋಟಿಸು ತಿಂದು, ಕೊನೆಗೆ ಖರ್ಚು ಭರಿಸುವುದಾಗಿ ಆಸ್ಪತ್ರೆಗೆ ಒಪ್ಪಿಗೆ ಪತ್ರ ಕಳಿಸಿತು.

ಆ ಎರಡು ತಿಂಗಳೂ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುವ ನೆವದಲ್ಲಿ ಮನೆಗೆ ಬಂದುಹೋಗುತ್ತಿದ್ದ ಅವನು, ಆಪರೇಷನ್ ದಿನ ಎಲ್ಲರಿಗಿಂತ ಮೊದಲೇ ಬಂದಿದ್ದ. ಅತ್ತಿಗೆ ಔಷಧಿ ತರಲು ಹೋಗಿದ್ದಾಗ ಕೌಂಟರಿನ ಹುಡುಗಿ ಫಾರಂ ಮುಂದೆ ತಳ್ಳಿದಳು.

"ರೋಗಿ ಕಡೆಯವರು ಸಹಿ ಹಾಕಿ. ನೀವು ಇವರಿಗೆ ಏನಾಗ್ಬೇಕು?"

ಅವನು ಪೆನ್ನು ಹಿಡಿದು ನಿಂತ.

"ಸರ್, ಹಿಂದೆ ಜನ ಕಾಯ್ತಿದ್ದಾರೆ. ಏನಾಗ್ಬೇಕು?"

"ಗಂಡ ಆಗ್ಬೇಕು," ಎಂದ. ಮರುಕ್ಷಣವೇ ಬೆವರಿದ. "ಅಂದ್ರೆ... ಇನ್ನೂ ಆಗಿಲ್ಲ. ಇವರು ಒಪ್ಪಿದ್ರೆ... ಆಗ್ಬೇಕು ಅಂತ ನನಗೆ ತುಂಬಾ ಆಸೆ ಇದೆ."

"ಇಲ್ಲಿ ಆಗಿರೋದು ಬರೀಬೇಕು ಸರ್. ಆಸೆ ಬರೆಯೋ ಹಾಗಿಲ್ಲ!"

ಹಿಂದಿನಿಂದ ಅತ್ತಿಗೆಯ ನಗು ಕೇಳಿಸಿತು. "ಈಚೆ ಕೊಡಪ್ಪಾ, ಸಹಿ ನಾನು ಹಾಕ್ತೀನಿ. ನೀನು ಅವಳನ್ನ ಕೇಳು ಹೋಗು."

ನರ್ಸ್ ಬಂದು ಅವಳನ್ನು ಕರೆದಳು. ಆಪರೇಷನ್ ಕೋಣೆಯ ಬಾಗಿಲವರೆಗೂ ಅವನು ಪಕ್ಕದಲ್ಲೇ ನಡೆದ.

"ಭಯ ಆಗ್ತಿದೆ," ಎಂದಳು.

"ನನಗೂ."

"ನಿಮಗ್ಯಾಕೆ?"

"ನೀವಿನ್ನೂ ಏನೂ ಹೇಳಿಲ್ಲ."

ಅವಳು ಚಪ್ಪಲಿ ಬಿಟ್ಟಳು. ಬಗ್ಗಿ ಎಡಗೈಯಲ್ಲಿ ಎತ್ತಿಕೊಂಡು ಅವನ ಮುಂದೆ ಹಿಡಿದಳು.

"ಇದನ್ನ ಹಿಡ್ಕೊಳ್ಳಿ. ನರ್ಸ್ ಹೇಳಿದ್ರು, ಮನೆಯವರ ಕೈಗೇ ಕೊಡಬೇಕಂತೆ."

"ಮನೆಯವರು... ಅಂದ್ರೆ ನಾನಾ?"

"ಮತ್ತೆ ಇನ್ಯಾರು ರೀ?"

ಬಾಗಿಲು ಮುಚ್ಚಿಕೊಂಡಿತು. ಅವನು ಎರಡೂ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತ.