ತೋಳಿಗೆ ಕಟ್ಟಿದ ಬಟ್ಟೆ

ಮಧ್ಯಾಹ್ನದ ಎಣಿಕೆಯಲ್ಲಿ ಒಂದು ತಲೆ ಕಡಿಮೆ ಬಂತು. ಇನ್ನೊಮ್ಮೆ ಎಣಿಸಿದರು. ಆಗಲೂ ಅಷ್ಟೇ. ಹೇಜಿನ್ ಜೈಲಿನಿಂದ ತಾಕ್ ಸಂಗ್‌ಮಾನ್ ಎಂಬ ಕೈದಿ ಮಾಯವಾಗಿದ್ದ. ಅವನ ಬಿಡುಗಡೆಗೆ ಉಳಿದಿದ್ದುದು ನಾಲ್ಕೇ ತಿಂಗಳು.

ಅಂದು ಜೈಲಿನಲ್ಲಿ ಚಳಿಗಾಲಕ್ಕೆ ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿ ಹಾಕುವ ದಿನ. ಎಲೆಕೋಸಿನ ಲಾರಿಗೆ ಗೇಟು ತೆಗೆದವನು ಕಾವಲುಗಾರ ಪ್ಯೋ ದೊಂಗ್‌ಜು. ಕೈದಿ ಆ ಲಾರಿಯಲ್ಲೇ ಅಡಗಿ ಹೋದ ಎನ್ನಲು ಊರಿಗೆ ಅಷ್ಟು ಸಾಕಾಯಿತು. ಮರುದಿನ ಪತ್ರಿಕೆಯಲ್ಲಿ ಬಸ್ ನಿಲ್ದಾಣದ ಕ್ಯಾಮೆರಾ ಹಿಡಿದ ಕೈದಿಯ ಮಸುಕು ಚಿತ್ರ ಬಂತು—ಮೈಮೇಲೆ ಉದ್ದನೆಯ ಕೋಟು, ಎಡತೋಳಿಗೆ ಕಟ್ಟಿದ ಬಿಳಿ ಬಟ್ಟೆ. ಲಾರಿಯ ತಗಡು ತಾಗಿ ಗಾಯವಾಗಿದೆ ಎಂದು ಮೀನುಪೇಟೆ ತೀರ್ಪು ಕೊಟ್ಟಿತು. ಪ್ಯೋ ಮತ್ತು ಕೈದಿ ಬಾಲ್ಯದ ಗೆಳೆಯರಂತೆ. ಇಲ್ಲ, ಭಾವ ಮೈದುನರಂತೆ. ಪೇಟೆಯಲ್ಲಿದ್ದ ಪ್ಯೋನ ಹೆಂಡತಿಯ ಅಂಗಡಿಗೆ ಗಿರಾಕಿಗಳು ಬರುವುದು ನಿಂತಿತು. ಯಾರೋ ಬಾಗಿಲಿಗೆ ಮೊಟ್ಟೆ ಎಸೆದರು.

ತನಿಖೆಗೆ ಬಂದ ಇನ್ಸ್‌ಪೆಕ್ಟರ್ ನಾಮ್ ಹೆಸುಕ್ ಮೊದಲು ಪ್ಯೋನನ್ನೇ ಕೂರಿಸಿಕೊಂಡಳು.

"ಲಾರಿ ಹೊರಗೆ ಹೋಗೋವಾಗ ನೋಡಿದ್ಯಾ?"

"ಸಲಾಕೆ ಹಾಕಿ ನಾಲ್ಕು ಕಡೆ ಚುಚ್ಚಿ ನೋಡ್ದೆ ಮೇಡಂ. ಒಳಗೆ ಯಾರೂ ಇರ್ಲಿಲ್ಲ. ನಂಬೋರು ಯಾರು?"

ನಾಮ್ ಕೈದಿಯ ಕಡತ ತೆರೆದಳು. ತಂದೆ ಇಲ್ಲ, ತಾಯಿ ಇಲ್ಲ, ಬಂಧುಗಳ ಹೆಸರು ಬರೆಯುವ ಜಾಗ ಖಾಲಿ; ಬೆಳೆದದ್ದು ದೋಣಿಯಲ್ಲಿ ಹೋಗಬೇಕಾದ ಒಂದು ದ್ವೀಪದಲ್ಲಿ. ಯಾರೂ ಇಲ್ಲದವನು ನಾಲ್ಕು ತಿಂಗಳು ತಡೆಯಲಾರದೆ ಓಡಿದ್ದು ಯಾರಿಗಾಗಿ? ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಪತ್ರಿಕೆಯ ಚಿತ್ರ ಬದಿಗಿಟ್ಟು ನಿಲ್ದಾಣದಿಂದ ಮೂಲ ಚಿತ್ರ ತರಿಸಿದಳು. ತೋಳಿನ ಬಟ್ಟೆಯನ್ನು ದೊಡ್ಡದು ಮಾಡಿ ನೋಡಿದಳು. ನಂತರ ಜೈಲಿಗೆ ಬಂದ ಫೋನ್ ಕರೆಗಳ ಪಟ್ಟಿ ಕೇಳಿದಳು.

ಮೂರನೆಯ ದಿನ ಬೆಳಿಗ್ಗೆ ಕಾವಲು ಮುಖ್ಯಸ್ಥ ಮಾ ಗಿಹೋನ ಕೋಣೆಗೆ ಪ್ಯೋನನ್ನೂ ಕರೆದುಕೊಂಡು ಹೋದಳು. ಮಾ ನಿವೃತ್ತಿಯ ಹೊಸ್ತಿಲಲ್ಲಿದ್ದ ಮನುಷ್ಯ; ಎರಡು ದಿನವೂ ತಾನೇ ಬಾರ್ಲಿ ಚಹಾ ತಂದುಕೊಟ್ಟು ಉಪಚರಿಸಿದ್ದ.

"ಇದು ಗಾಯಕ್ಕೆ ಕಟ್ಟಿದ ಬಟ್ಟೆ ಅಂತ ಊರೆಲ್ಲ ಹೇಳ್ತು, ನಾವೂ ನಂಬಿದ್ವಿ," ಎಂದಳು ನಾಮ್. "ಗಾಯದ ಬಟ್ಟೆಗೆ ಎರಡು ಕಪ್ಪು ಗೆರೆ ಯಾಕಿರತ್ತೆ ಸಾರ್? ಇದು ಸಾವಿನ ಮನೆಯವರು ತೋಳಿಗೆ ಕಟ್ಟೋ ಸೂತಕದ ಪಟ್ಟಿ. ಎರಡು ಗೆರೆ ಅಂದ್ರೆ ಹಿರೀ ಮಗ. ಸಾವಿನ ಮನೆ ಸೇರೋಕೆ ಮೊದ್ಲೇ ಅದು ಅವನ ತೋಳಲ್ಲಿತ್ತು—ಅಂದ್ರೆ ಸುದ್ದಿ ಒಳಗೇ ಸಿಕ್ಕಿದೆ, ಪಟ್ಟೀನೂ ಒಳಗೇ ಸಿಕ್ಕಿದೆ. ಅವತ್ತು ಬೆಳಿಗ್ಗೆ ಅವನು ಬೆಳೆದ ದ್ವೀಪದಿಂದ ಒಂದೇ ಕರೆ ಬಂದಿತ್ತು. ಎತ್ತಿದ್ದು ನೀವು. ಹೋದ ವರ್ಷ ತಾಯೀನ ಕಳ್ಕೊಂಡ ಹಿರೀ ಮಗ ಈ ಜೈಲಲ್ಲಿ ನೀವೊಬ್ರೇ, ಪಟ್ಟಿ ನಿಮ್ಮದೇ. ಸಿಬ್ಬಂದಿ ಬಾಗಿಲಿನ ಬೀಗದ ಕೈಯೂ ನಿಮ್ಮ ಹತ್ರಾನೇ ಇರೋದು."

ಮಾ ಒಂದೊಂದಾಗಿ ಹೇಳಿದ. ಸತ್ತವಳು ತಾಕ್‌ನನ್ನು ಸಾಕಿದವಳು, ಚಿಪ್ಪುಮೀನು ಹೆಕ್ಕಲು ಸಮುದ್ರಕ್ಕೆ ಇಳಿಯುತ್ತಿದ್ದ ಒಂಟಿ ಹೆಂಗಸು. ಕಾಗದದ ಪ್ರಕಾರ ಅವಳು ಅವನಿಗೆ ಏನೂ ಅಲ್ಲ. ಆದ್ದರಿಂದ ಶವಸಂಸ್ಕಾರಕ್ಕೆ ರಜೆ ಕೊಡಲು ನಿಯಮ ಒಪ್ಪಲಿಲ್ಲ. ಮಾ ತನ್ನದೇ ಕೋಟು ತೊಡಿಸಿ, ಪಟ್ಟಿ ಕಟ್ಟಿ, ಬಾಗಿಲು ತೆಗೆದ.

"ಹೆಣ ಎತ್ತೋಕೆ ಮಗ ಅಂತ ಒಬ್ಬ ಇರ್ಬೇಕಲ್ಲಮ್ಮ," ಎಂದ. "ಇವತ್ತು ಮಣ್ಣು ಮಾಡ್ತಾರೆ. ಸಂಜೆ ದೋಣೀಗೆ ಬರ್ತೀನಿ ಅಂದಿದ್ದಾನೆ."

"ಒಬ್ಬ ಮಗನಿಗೆ ಉಪಕಾರ ಮಾಡಿದ್ರಿ," ಎಂದು ನಾಮ್ ಪ್ಯೋನ ಕಡೆ ಕೈ ತೋರಿಸಿದಳು. "ಈ ಮಗನ ಬಾಗಿಲಿಗೆ ಮೊಟ್ಟೆ ಬೀಳೋವಾಗ ಸುಮ್ನಿದ್ರಿ."

ಮಾ ಎದ್ದು ಪ್ಯೋನ ಮುಂದೆ ಸೊಂಟ ಬಗ್ಗಿಸಿ ನಿಂತ. ಸಂಜೆ ತಾಕ್ ಬರುವವರೆಗೆ ತಡೆಯೋಣವೆಂದಿದ್ದೆ, ಆಮೇಲೆ ಹೇಳುತ್ತಿದ್ದೆ ಎಂದ. ಪ್ಯೋ ಕಿಟಕಿಯ ಕಡೆ ತಿರುಗಿದ.

ನಾಲ್ಕು ಗಂಟೆಯ ದೋಣಿಯಲ್ಲಿ ತಾಕ್ ಬಂದ. ಯಾರೂ ಹಿಡಿದು ತರಲಿಲ್ಲ. ಬೂಟಿಗೆ ಒದ್ದೆ ಮಣ್ಣು ಮೆತ್ತಿತ್ತು. ತಾನೇ ಗೇಟಿನ ಗಂಟೆ ಒತ್ತಿದ.

ನಾಮ್ ಕೈಕೋಳ ತೆಗೆದಳು. ಮಾ ಎರಡೂ ಕೈ ಮುಂದೆ ಚಾಚಿದ.

"ಸ್ವಲ್ಪ ತಡೀರಿ ಮೇಡಂ," ಎಂದ ಪ್ಯೋ. ಮೂರು ದಿನದಲ್ಲಿ ಅವನಾಗಿಯೇ ಬಾಯಿ ತೆರೆದದ್ದು ಅದೇ ಮೊದಲು. "ಸಾರ್, ನನ್ನೆದುರು ಬಗ್ಗಿದ್ದು ಸಾಕು. ಪೇಟೆ ಮುಚ್ಚೋಕೆ ಇನ್ನೂ ಹೊತ್ತಿದೆ. ಅಲ್ಲಿಗೆ ಬಂದು ಹೇಳಿ. ನನ್ನ ಹೆಂಡ್ತಿ ಕೇಳೋ ಹಾಗೆ ಹೇಳಿ."

ನಾಮ್ ಕೈಕೋಳವನ್ನು ಜೇಬಿಗೆ ಹಾಕಿಕೊಂಡಳು. ಮಾ ಟೋಪಿ ಸರಿಮಾಡಿಕೊಂಡು ಮುಂದೆ ನಡೆದ.