ಬಾಚಲೆ ಮತ್ತು ಒಂಬೈನೂರು ಶೀರ್ಷಿಕೆಗಳು

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಮಣಿಗಿರಿ ಎಂಬ ರಾಜ್ಯವಿತ್ತು. ಅಲ್ಲಿ ನೀರೆತ್ತಲು, ಕೋಟೆಬಾಗಿಲು ತೆರೆಯಲು, ಹಿಟ್ಟು ಬೀಸಲು, ಎಲ್ಲಕ್ಕೂ ಮಾಯಾಯಂತ್ರಗಳಿದ್ದವು. ಆ ಯಂತ್ರಗಳಿಗೂ ಮಂತ್ರಗಳಿಗೂ ಸೇರಿ ಒಂಬೈನೂರು ಅಧ್ಯಾಯಗಳ ಕೈಪಿಡಿಯಿತ್ತು. ಬೇಕಾದ ಕೆಲಸ ಹೇಳಿದರೆ ಸಾಕು, ಅದು ತಾನಾಗಿಯೇ ಆ ಪುಟಕ್ಕೆ ತೆರೆದುಕೊಳ್ಳುತ್ತಿತ್ತು. ಷರತ್ತು ಒಂದೇ: ಶೀರ್ಷಿಕೆಗಳೆಲ್ಲ ಒಂದೇ ಬಗೆಯಲ್ಲಿರಬೇಕು. ಕೆಂಪು ಮಸಿ, ಒಂದೇ ಸಾಲು, ಪುಟದಲ್ಲಿರುವ ಕೆಲಸದ ಹೆಸರು.

ಬರೆಯುವವರು ಬುದ್ಧಿವಂತರಾಗುತ್ತ ಹೋದರು. ಒಬ್ಬರು ಚಿನ್ನದ ಮಸಿ ತಂದರು, ಇನ್ನೊಬ್ಬರು ಬಳ್ಳಿ ಬಿಡಿಸಿದರು. ಕೈಪಿಡಿ ಮುನಿಸಿಕೊಂಡಿತು. ಏನು ಕೇಳಿದರೂ ಒಂದು ಹಾಳೆಯನ್ನೂ ಮಗುಚಲಿಲ್ಲ.

ಅರಮನೆಯಲ್ಲಿ ಕೈಪಿಡಿ ನೋಡಿಕೊಳ್ಳುತ್ತಿದ್ದ ಬಾಚಲೆ ಆರು ತಿಂಗಳಿಂದ ಒಂದೊಂದೇ ಶೀರ್ಷಿಕೆಯನ್ನು ಕೆರೆದು ತಿದ್ದುತ್ತಿದ್ದಳು. ತನ್ನದಕ್ಕಿಂತ ಮುಖ್ಯವಾದ ಕೆಲಸ ಯಾರಿಗೂ ಇಲ್ಲವೆಂದು ಅವಳು ನಂಬಿದ್ದಳು. ಉಳಿದವರು ನಂಬಿರಲಿಲ್ಲ. ತಿದ್ದಬೇಕಾದದ್ದು ಇನ್ನು ಎರಡೇ ಎಂಬ ಹೊತ್ತಿಗೆ ಮಾಂತ್ರಿಕ ವಕ್ರದಂತ ಅರಮನೆಗೆ ನುಗ್ಗಿದ. ಅಡ್ಡ ಬಂದ ಕಾವಲುಗಾರ ಬೂಚನನ್ನು ಕಲ್ಲಾಗೆಂದು ಶಪಿಸಿ, ಸಿಂಹಾಸನ ಹುಡುಕುತ್ತ ಒಳಗೆ ಹೋದ. ಬೂಚ ಬಾಚಲೆಯ ತಮ್ಮ. ಕಲ್ಲು ಪಾದದಿಂದ ಮೇಲೇರತೊಡಗಿತು. ನೆತ್ತಿ ಮುಟ್ಟಿದರೆ ಮುಗಿಯಿತು. ಬಿಡಿಸುವ ಬಗೆ ಕೈಪಿಡಿಯಲ್ಲಿತ್ತು. ಎಲ್ಲಿ ಎಂಬುದು ಯಾರಿಗೂ ಗೊತ್ತಿರಲಿಲ್ಲ.

"ಅಕ್ಕಾ, ಬೇಗ ತಿದ್ದು," ಎಂದ ಬೂಚ. "ಕಾಲು ತುರಿಸುತ್ತಿದೆ, ಕೆರೆದುಕೊಳ್ಳಲೂ ಆಗುತ್ತಿಲ್ಲ."

ಮೊದಲನೆಯದು ನೀರಿನ ಅಧ್ಯಾಯ. ಅದರ ಮೇಲೆ ಸಿಂಹದ ಮೈ, ಆನೆಯ ಸೊಂಡಿಲಿನ ಯಾಳಿ ಕಾವಲು ಕೂತಿತ್ತು. ಅದಕ್ಕೆ ಶೀರ್ಷಿಕೆ ಒಗಟಿನಂತಿದ್ದರೇ ಇಷ್ಟ.

"ನಿನಗೆ ಹಸಿವಾದಾಗ ಅಡುಗೆಯವರು ಒಗಟು ಹೇಳುತ್ತಾರೆಯೇ?" ಎಂದಳು ಬಾಚಲೆ.

"ಹೇಳಿದರೆ ಅವರನ್ನೇ ತಿಂದೇನು," ಎಂದಿತು ಯಾಳಿ. ಸ್ವಲ್ಪ ಯೋಚಿಸಿ, ಪಕ್ಕಕ್ಕೆ ಸರಿಯಿತು.

ಕಲ್ಲು ಸೊಂಟಕ್ಕೆ ಬಂದಿತ್ತು.

ಎರಡನೆಯದು ದೇವರಸ ಪಂಡಿತರು ಬರೆದ ಕೋಟೆಬಾಗಿಲುಗಳ ಅಧ್ಯಾಯ. ಶೀರ್ಷಿಕೆಯೇ ನಾಲ್ಕು ಸಾಲಿನ ಪದ್ಯ. "ನನ್ನದು ಮೂವತ್ತು ವರ್ಷದ ಅನುಭವ, ತಂಗಿ," ಎಂದರು ಪಂಡಿತರು.

"ಹಾಗಿದ್ದರೆ ಉತ್ತರದ ಬಾಗಿಲು ತೆರೆಯುವ ಪುಟ ತೋರಿಸಿಬಿಡಿ, ಪಂಡಿತರೇ."

ಪಂಡಿತರು ಹುಡುಕಿದರು. ಕನ್ನಡಕವಿಲ್ಲದ ಕಾಲ, ಅದನ್ನು ದೂರುವಂತೆಯೂ ಇರಲಿಲ್ಲ. ಕೊನೆಗೆ ತಾವೇ ಬರೆದ ಪದ್ಯವನ್ನು ಎರಡು ಸಲ ಓದಿ, ಎರಡು ಸಲ ಮೆಚ್ಚಿ, ಕೆಳಗಿರುವುದು ಯಾವ ಬಾಗಿಲೆಂದು ತಿಳಿಯದೆ ಕೆರೆಯುವ ಚೂರಿಯನ್ನು ಅವರೇ ಎತ್ತಿಕೊಟ್ಟರು.

ಕಲ್ಲು ಕುತ್ತಿಗೆಗೆ ಬಂದಿತ್ತು. ಬಾಚಲೆ ಕೈಪಿಡಿಯ ಮುಂದೆ ನಿಂತು, "ಕಲ್ಲಾದವರನ್ನು ಬಿಡಿಸುವುದು," ಎಂದಳು. ಕೈಪಿಡಿ ಅಲುಗಲಿಲ್ಲ.

"ಎಲ್ಲ ತಿದ್ದಿದ್ದೇನಲ್ಲ?"

"ನಿನ್ನದು?" ಎಂದರು ಪಂಡಿತರು.

ಹಿಟ್ಟು ಬೀಸುವ ಅಧ್ಯಾಯವನ್ನು ಬಾಚಲೆ ಹದಿನಾರನೆಯ ವಯಸ್ಸಿನಲ್ಲಿ ಬರೆದಿದ್ದಳು. ಶೀರ್ಷಿಕೆ: 'ಬೆಳ್ಳನೆಯ ಮಳೆಯ ಹಾಡು'. ಆರು ತಿಂಗಳಲ್ಲಿ ಅದನ್ನು ಹತ್ತು ಸಲ ದಾಟಿದ್ದಳು, ಪ್ರತಿಸಲವೂ ಚೆನ್ನಾಗಿದೆಯೆಂದೇ ದಾಟಿದ್ದಳು. ಈಗಲೂ ಚೆನ್ನಾಗಿಯೇ ಇತ್ತು. ಅವಳು ತುಟಿ ಕಚ್ಚಿ ಅದನ್ನು ಕೆರೆದು, ಕೆಂಪು ಮಸಿಯಲ್ಲಿ 'ಹಿಟ್ಟು ಬೀಸುವುದು' ಎಂದು ಬರೆದಳು.

ಕೈಪಿಡಿ ಗಾಳಿ ಬೀಸಿದಂತೆ ತೆರೆದುಕೊಂಡಿತು. ಅದರಲ್ಲಿದ್ದ ಮೂರು ಮಾತನ್ನು ಬಾಚಲೆ ಓದುತ್ತಲೇ ಕಲ್ಲು ಕರಗಿ ಬೂಚ ಮನುಷ್ಯನಾದ. ಮೊದಲು ಕಾಲು ಕೆರೆದುಕೊಂಡ. ಬಾಚಲೆ, "ಮಾಂತ್ರಿಕರನ್ನು ಅಡಗಿಸುವುದು," ಎಂದಳು, ಅದಕ್ಕೂ ಪುಟವಿತ್ತು. ವಕ್ರದಂತ ಸಾಸಿವೆಕಾಳಾದ. ಮುಂದಿನದನ್ನು ಅರಮನೆಯ ಕೋಳಿ ನೋಡಿಕೊಂಡಿತು.

ಅರಸರು ಸಂತೋಷದಿಂದ ಬಾಚಲೆಯ ಕೀರ್ತಿಯನ್ನು ಕೈಪಿಡಿಯಲ್ಲೇ ಬರೆಸಹೊರಟರು, ಚಿನ್ನದ ಮಸಿಯಲ್ಲಿ, ಬಳ್ಳಿಗಳ ನಡುವೆ. ಬಾಚಲೆ ಒಪ್ಪಲಿಲ್ಲ. ಆದ್ದರಿಂದ ಒಂಬೈನೂರ ಒಂದನೆಯ ಅಧ್ಯಾಯ ಕೆಂಪು ಮಸಿಯಲ್ಲಿ, ಒಂದೇ ಸಾಲಿನಲ್ಲಿ ಹೀಗಿದೆ: 'ಬಾಚಲೆಯನ್ನು ಹೊಗಳುವುದು'.

ಮಣಿಗಿರಿಯಲ್ಲಿ ಅಲ್ಲಿಂದೀಚೆಗೆ ಎಲ್ಲರೂ ಸುಖವಾಗಿದ್ದರು, ಬೇಕಾದದ್ದು ಬೇಕಾದಾಗ ಸಿಕ್ಕಿತು. ಬಾಚಲೆ ದಿನಾ ಬೆಳಿಗ್ಗೆ ಕೈಪಿಡಿ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಿದ್ದಳು. ಯಾವುದಾದರೂ ಒಂದು ಅಧ್ಯಾಯ ಕೇಳಿದರೆ ಸಾಕಿತ್ತು. ಅವಳು ಯಾವಾಗಲೂ ಒಂಬೈನೂರ ಒಂದನೆಯದನ್ನೇ ಕೇಳುತ್ತಿದ್ದಳು.